ಎಲ್ಲ ವ್ಯವಹಾರಕ್ಕೂ ಕುಬರ್ನೆಟಿಸ್ ಬೇಕೇ? ಕಂಟೇನರ್ ಆರ್ಕೆಸ್ಟ್ರೇಷನ್ ವೇದಿಕೆಗಳ ಹೋಲಿಕೆ

ಹೇಳಿಕೆ: ಕುಬರ್ನೆಟಿಸ್ ಹಾಕಿಸಿದರೆ ಸರ್ವರ್ ಎಂದೂ ನಿಲ್ಲುವುದಿಲ್ಲ, ಅದು ಪೂರ್ತಿ ಉಚಿತ, ದೊಡ್ಡ ಕಂಪನಿಗಳೆಲ್ಲ ಅದನ್ನೇ ಬಳಸುತ್ತವೆ. ಹಾಗಾಗಿ ನಿಮ್ಮ ವ್ಯವಹಾರಕ್ಕೂ ಅದೇ ಸರಿ.

ವಾಸ್ತವ: ಅರ್ಧ ಸತ್ಯ. ಕುಬರ್ನೆಟಿಸ್ ಒಳ್ಳೆಯ ವ್ಯವಸ್ಥೆ, ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದೂ ಹೌದು. ಆದರೆ ಅದನ್ನು ನೋಡಿಕೊಳ್ಳಲು ಗೊತ್ತಿರುವ ಜನ ಬೇಕು. ಸಣ್ಣ ವ್ಯವಹಾರಕ್ಕೆ ಅದಕ್ಕಿಂತ ಸರಳವಾದ ದಾರಿಗಳಿವೆ. ಬೆಂಗಳೂರಿನ ಒಂದು ಬಹುದೊಡ್ಡ ಕಂಪನಿಯೇ ಕುಬರ್ನೆಟಿಸ್ ಬಿಟ್ಟು ಬೇರೊಂದನ್ನು ಆರಿಸಿಕೊಂಡಿದೆ.

ಈ ವಿಷಯ ಸಾಫ್ಟ್‌ವೇರ್ ಎಂಜಿನಿಯರುಗಳಿಗೆ ಮಾತ್ರ ಸಂಬಂಧಿಸಿದ್ದು ಎಂದು ಬಿಟ್ಟುಬಿಡಬೇಡಿ. ಸೌಹಾರ್ದ ಸಹಕಾರಿ, ಸಕ್ಕರೆ ಕಾರ್ಖಾನೆ, ಆಸ್ಪತ್ರೆ, ಕಾಲೇಜು, ಆನ್‌ಲೈನ್‌ನಲ್ಲಿ ಸೀರೆ ಮಾರುವ ಅಂಗಡಿ, ಇವರೆಲ್ಲರೂ ಈಗ ಸಾಫ್ಟ್‌ವೇರ್ ಮಾಡಿಸುತ್ತಾರೆ. ಕೊಟೇಶನ್ ಬಂದಾಗ ಅದರಲ್ಲಿ 'ಕಂಟೇನರ್', 'ಕುಬರ್ನೆಟಿಸ್ ಕ್ಲಸ್ಟರ್' ಎಂಬ ಸಾಲುಗಳು ಇರುತ್ತವೆ. ಅದರ ಎದುರಿಗೆ ಒಂದು ಮೊತ್ತವೂ ಇರುತ್ತದೆ. ಸಹಿ ಹಾಕುವವರಿಗೆ ಆ ಸಾಲಿನ ಅರ್ಥ ಗೊತ್ತಿಲ್ಲದಿದ್ದರೆ ಸಂಘದ ಸದಸ್ಯರ ಹಣ ಬೇಡದ ಕಡೆ ಹೋಗುತ್ತದೆ. ಬೇಕಾದ ಕಡೆ ಉಳಿಸಲು ಹೋಗಿ ಹಂಗಾಮಿನ ನಡುವೆ ಸಿಸ್ಟಂ ನಿಂತುಹೋಗುವುದೂ ಉಂಟು.

ಕಂಟೇನರ್ ಎಂದರೇನು?

ಒಂದು ಸಾಫ್ಟ್‌ವೇರ್ ಓಡಬೇಕಾದರೆ ಅದಕ್ಕೆ ಜೊತೆಗಾರರು ಬೇಕು: ಇಂಥ ಆವೃತ್ತಿಯ ಭಾಷೆ, ಇಂಥ ಲೈಬ್ರರಿ, ಇಂಥ ಸೆಟ್ಟಿಂಗ್. ಡೆವಲಪರ್‌ನ ಲ್ಯಾಪ್‌ಟಾಪ್‌ನಲ್ಲಿ ಇವೆಲ್ಲ ಇರುತ್ತವೆ, ಸರ್ವರ್‌ನಲ್ಲಿ ಒಂದು ಇರುವುದಿಲ್ಲ. 'ನನ್ನ ಕಂಪ್ಯೂಟರ್‌ನಲ್ಲಿ ಸರಿಯಾಗಿ ಓಡುತ್ತಿತ್ತಲ್ಲ' ಎಂಬ ಜಗಳ ಹುಟ್ಟುವುದು ಇಲ್ಲಿಯೇ.

ಸಾಫ್ಟ್‌ವೇರನ್ನೂ ಅದರ ಎಲ್ಲ ಜೊತೆಗಾರರನ್ನೂ ಒಂದೇ ಡಬ್ಬಿಯಲ್ಲಿ ಕಟ್ಟಿಟ್ಟರೆ ಅದು ಕಂಟೇನರ್. ಆ ಡಬ್ಬಿಯನ್ನು ಯಾವ ಲಿನಕ್ಸ್ ಸರ್ವರ್ ಮೇಲೆ ಇಟ್ಟರೂ ಒಂದೇ ಥರ ಓಡುತ್ತದೆ. ಇದಕ್ಕೆ ಬೇಕಾದ ತಂತ್ರ ಲಿನಕ್ಸ್‌ನಲ್ಲಿ ಮೊದಲೇ ಇತ್ತು. 2013ರಲ್ಲಿ ಬಂದ ಡಾಕರ್ ಅದನ್ನು ಎಲ್ಲರ ಕೈಗೆ ಎಟುಕುವಂತೆ ಮಾಡಿತು.

ಹಿಂದೆ ಇದೇ ಕೆಲಸಕ್ಕೆ ವರ್ಚುವಲ್ ಮಷೀನ್ ಬಳಸುತ್ತಿದ್ದರು, ಈಗಲೂ ಬಳಸುತ್ತಾರೆ. ಪ್ರತಿ ವರ್ಚುವಲ್ ಮಷೀನ್ ಒಳಗೆ ಒಂದು ಪೂರ್ತಿ ಆಪರೇಟಿಂಗ್ ಸಿಸ್ಟಂ ಇರುತ್ತದೆ. ಕಂಟೇನರುಗಳು ಹಾಗಲ್ಲ, ಒಂದೇ ಆಪರೇಟಿಂಗ್ ಸಿಸ್ಟಂನ ತಿರುಳನ್ನು ಹಂಚಿಕೊಳ್ಳುತ್ತವೆ. ಅದಕ್ಕೇ ಅವು ಹಗುರ. ಶುರುವಾಗಲು ಕೆಲವೇ ಕ್ಷಣ ಸಾಕು.

ಆರ್ಕೆಸ್ಟ್ರೇಷನ್ ಎಂದರೇನು? ಕಬ್ಬಿನ ಹಂಗಾಮಿನ ಉದಾಹರಣೆ

ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯವರಿಗೆ ಕಬ್ಬಿನ ಹಂಗಾಮು ಹೇಗೆ ನಡೆಯುತ್ತದೆಂದು ಹೇಳಿಕೊಡಬೇಕಿಲ್ಲ. ಕಟಾವು ಗ್ಯಾಂಗುಗಳು ಬರುತ್ತವೆ. ಯಾವ ಗ್ಯಾಂಗ್ ಯಾರ ಹೊಲಕ್ಕೆ, ಎಷ್ಟು ಟ್ರ್ಯಾಕ್ಟರ್ ಯಾವ ದಾರಿಗೆ, ಒಂದು ಗ್ಯಾಂಗ್ ನಡುವೆಯೇ ಊರಿಗೆ ಹೋದರೆ ಅದರ ಜಾಗಕ್ಕೆ ಯಾರು, ಮಿಲ್ ನಿಧಾನವಾದರೆ ಯಾರ್ಡಿಗೆ ಬರುವ ಗಾಡಿಗಳನ್ನು ತಡೆಯುವುದು ಹೇಗೆ, ಇದನ್ನೆಲ್ಲ ಕಾರ್ಖಾನೆಯ ಕಬ್ಬು ವಿಭಾಗ ನೋಡಿಕೊಳ್ಳುತ್ತದೆ.

ಒಂದೊಂದು ಕಂಟೇನರನ್ನು ಒಂದೊಂದು ಗ್ಯಾಂಗ್ ಎಂದುಕೊಳ್ಳಿ. ತನ್ನ ಕುಡುಗೋಲು, ಪಾತ್ರೆಪಗಡಗಳನ್ನು ತಾನೇ ತಂದುಕೊಂಡು ಯಾವ ಹೊಲಕ್ಕೆ ಕಳಿಸಿದರೂ ಕೆಲಸ ಶುರುಮಾಡುತ್ತದೆ. ಸರ್ವರ್ ಎಂದರೆ ಹೊಲ. ಕಬ್ಬು ವಿಭಾಗ ಮಾಡುವ ಕೆಲಸವೇ ಆರ್ಕೆಸ್ಟ್ರೇಷನ್.

ಇಂಥ ಸಾಫ್ಟ್‌ವೇರ್‌ಗೆ ನೀವು ಹೇಳುವುದು ಇಷ್ಟೇ: 'ಬಿಲ್ಲಿಂಗ್‌ನ ನಾಲ್ಕು ಪ್ರತಿ ಸದಾ ಓಡುತ್ತಿರಲಿ.' ಒಂದು ನಿಂತರೆ ಅದು ತಾನೇ ಇನ್ನೊಂದನ್ನು ಎಬ್ಬಿಸುತ್ತದೆ. ಒಂದು ಸರ್ವರ್ ಕೆಟ್ಟರೆ ಅದರ ಮೇಲಿದ್ದವನ್ನು ಇನ್ನೊಂದು ಸರ್ವರ್ ಮೇಲೆ ಶುರುಮಾಡುತ್ತದೆ. ಹೊಸ ಆವೃತ್ತಿ ಹಾಕುವಾಗ ಹಳೆಯದನ್ನು ಒಂದೊಂದಾಗಿ ಇಳಿಸಿ ಹೊಸದನ್ನು ಏರಿಸುತ್ತದೆ. ದಟ್ಟಣೆ ಹೆಚ್ಚಾದರೆ ಪ್ರತಿಗಳನ್ನು ಹೆಚ್ಚಿಸುತ್ತದೆ. ನೀವು ಬಯಸಿದ ಸ್ಥಿತಿಯೂ ಈಗಿರುವ ಸ್ಥಿತಿಯೂ ಒಂದೇ ಆಗಿವೆಯೇ ಎಂದು ಬಿಡದೆ ನೋಡುತ್ತಿರುವುದೇ ಇದರ ಮುಖ್ಯ ಗುಣ.

ಹೊಲ ಒಂದೇ, ಗ್ಯಾಂಗೂ ಒಂದೇ ಇದ್ದರೆ ಕಬ್ಬು ವಿಭಾಗವೇ ಬೇಕಿಲ್ಲ. ಮುಂದೆ ಓದುವಾಗ ಈ ಮಾತು ನೆನಪಿರಲಿ.

ಯಾವ ಯಾವ ವೇದಿಕೆಗಳಿವೆ?

1. ಡಾಕರ್ ಕಂಪೋಸ್

ಇದು ನಿಜವಾದ ಅರ್ಥದಲ್ಲಿ ಆರ್ಕೆಸ್ಟ್ರೇಷನ್ ಅಲ್ಲ. ಒಂದೇ ಸರ್ವರ್ ಮೇಲೆ ನಾಲ್ಕಾರು ಕಂಟೇನರುಗಳನ್ನು ಒಟ್ಟಿಗೆ ಓಡಿಸುವ ಸರಳ ವಿಧಾನ. ಒಂದು ಫೈಲ್‌ನಲ್ಲಿ ಪಟ್ಟಿ ಬರೆದಿಟ್ಟರೆ ಆಯಿತು. ಕಂಟೇನರ್ ನಿಂತರೆ ಮತ್ತೆ ಶುರುವಾಗುವಂತೆ ಇದರಲ್ಲೂ ಹೇಳಬಹುದು. ಸರ್ವರ್ ಕೆಟ್ಟರೆ ಮಾತ್ರ ಎಲ್ಲವೂ ನಿಲ್ಲುತ್ತದೆ, ಇದೇ ಇದರ ಮಿತಿ. ಎಷ್ಟೋ ಸಣ್ಣ ವ್ಯವಹಾರಗಳಿಗೆ ಒಳ್ಳೆಯ ಬ್ಯಾಕಪ್ ಜೊತೆಗೆ ಇಷ್ಟೇ ಸಾಕು.

2. ಡಾಕರ್ ಸ್ವಾರ್ಮ್

2016ರಲ್ಲಿ ಡಾಕರ್ ಒಳಗೇ ಸೇರಿಬಂದ ವ್ಯವಸ್ಥೆ. ಕೆಲವು ಸರ್ವರುಗಳನ್ನು ಸೇರಿಸಿ ಒಂದು ಗುಂಪು ಮಾಡಬಹುದು. ಕಲಿಯಲು ಸುಲಭ. ಕಂಪೋಸ್ ಫೈಲನ್ನೇ ಅಲ್ಪಸ್ವಲ್ಪ ತಿದ್ದಿ ಬಳಸಬಹುದು. 2019ರಲ್ಲಿ ಮಿರಾಂಟಿಸ್ ಎಂಬ ಕಂಪನಿ ಡಾಕರ್‌ನ ಎಂಟರ್‌ಪ್ರೈಸ್ ವ್ಯವಹಾರವನ್ನು ಕೊಂಡುಕೊಂಡಿತು. ಸ್ವಾರ್ಮ್ ಬಳಸುವ ದೊಡ್ಡ ಗ್ರಾಹಕರಿಗೆ ಬೆಂಬಲ ಕೊಡುತ್ತಿರುವುದು ಅದೇ ಕಂಪನಿ. ತೊಂದರೆ ಏನೆಂದರೆ, ಸುತ್ತಲಿನ ಉಪಕರಣಗಳೂ ಇದನ್ನು ಬಲ್ಲ ಜನರೂ ಕುಬರ್ನೆಟಿಸ್‌ಗೆ ಹೋಲಿಸಿದರೆ ಬಹಳ ಕಡಿಮೆ.

3. ಕುಬರ್ನೆಟಿಸ್

ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ಹಡಗು ನಡೆಸುವ ಚುಕ್ಕಾಣಿಗ ಎಂಬ ಅರ್ಥವಿದೆ. ಗೂಗಲ್ ತನ್ನ ಒಳಗೆ ಬೋರ್ಗ್ ಎಂಬ ವ್ಯವಸ್ಥೆ ಬಳಸುತ್ತಿತ್ತು. ವಾರಕ್ಕೆ 200 ಕೋಟಿಗೂ ಹೆಚ್ಚು ಕಂಟೇನರುಗಳನ್ನು ಶುರುಮಾಡುತ್ತೇವೆ ಎಂದು ಅದರ ಎಂಜಿನಿಯರುಗಳು 2014ರಲ್ಲಿ ಹೇಳಿದ್ದರು. ಆ ಅನುಭವದಿಂದ ಹುಟ್ಟಿದ ಕುಬರ್ನೆಟಿಸ್ ಅನ್ನು ಗೂಗಲ್ 2014ರ ಜೂನ್‌ನಲ್ಲಿ ಎಲ್ಲರಿಗೂ ಮುಕ್ತಗೊಳಿಸಿತು. 1.0 ಆವೃತ್ತಿ 2015ರ ಜುಲೈನಲ್ಲಿ ಬಂತು. ಈಗ ಅದು ಒಂದು ಕಂಪನಿಯ ಸೊತ್ತಲ್ಲ, ಲಿನಕ್ಸ್ ಫೌಂಡೇಷನ್ ಅಡಿಯ ಸಿಎನ್‌ಸಿಎಫ್ ಎಂಬ ಸಂಸ್ಥೆಯ ಆಶ್ರಯದಲ್ಲಿದೆ.

ಇದರ ಶಕ್ತಿ ದೊಡ್ಡದು. ಒಂದೇ ಕ್ಲಸ್ಟರ್‌ನಲ್ಲಿ 5,000 ಸರ್ವರುಗಳವರೆಗೆ ನಡೆಸಬಹುದು ಎಂದು ಅದರ ಅಧಿಕೃತ ದಾಖಲೆ ಹೇಳುತ್ತದೆ. 2016ರಲ್ಲಿ ಪೋಕೆಮಾನ್ ಗೋ ಆಟ ಬಂದಾಗ ಅಂದಾಜಿಗಿಂತ 50 ಪಟ್ಟು ದಟ್ಟಣೆ ನುಗ್ಗಿತು. ಆಗ ಅದನ್ನು ಹೊತ್ತದ್ದು ಗೂಗಲ್ ಕ್ಲೌಡ್‌ನ ಕುಬರ್ನೆಟಿಸ್.

ಹೊರೆಯೂ ಅಷ್ಟೇ ದೊಡ್ಡದು. ನೀವೇ ನಡೆಸುವುದಾದರೆ, ನಿಮ್ಮ ಸಾಫ್ಟ್‌ವೇರ್ ಓಡುವ ಸರ್ವರುಗಳಲ್ಲದೆ, ಬರೀ ನಿಯಂತ್ರಣಕ್ಕೆಂದೇ ಸಾಮಾನ್ಯವಾಗಿ ಮೂರು ಸರ್ವರ್ ಬೇಕು. ವರ್ಷಕ್ಕೆ ಮೂರು ಹೊಸ ಆವೃತ್ತಿ ಬರುತ್ತವೆ. ಒಂದೊಂದಕ್ಕೂ ಬೆಂಬಲ ಸಿಗುವುದು ಸುಮಾರು 14 ತಿಂಗಳು ಮಾತ್ರ. ಅಂದರೆ ಒಮ್ಮೆ ಹಾಕಿ ಮರೆತುಬಿಡುವ ವಸ್ತು ಇದಲ್ಲ.

4. ಬಾಡಿಗೆ ಕುಬರ್ನೆಟಿಸ್

ಗೂಗಲ್‌ನ ಜಿಕೆಇ, ಅಮೆಜಾನ್‌ನ ಇಕೆಎಸ್, ಮೈಕ್ರೋಸಾಫ್ಟ್‌ನ ಎಕೆಎಸ್ ಈ ಗುಂಪಿಗೆ ಸೇರಿದವು. ನಿಯಂತ್ರಣದ ಭಾಗವನ್ನು ಕ್ಲೌಡ್ ಕಂಪನಿಯೇ ನೋಡಿಕೊಳ್ಳುತ್ತದೆ. ಇಕೆಎಸ್‌ನಲ್ಲಿ ಒಂದು ಕ್ಲಸ್ಟರ್‌ಗೆ ಗಂಟೆಗೆ 10 ಸೆಂಟ್ ಶುಲ್ಕ. ತಿಂಗಳಿಗೆ ಸುಮಾರು 73 ಡಾಲರ್, ಅಂದರೆ ಆರು ಸಾವಿರ ರೂಪಾಯಿಗೂ ಹೆಚ್ಚು. ಇದು ಬರೀ ನಿಯಂತ್ರಣಕ್ಕೆ, ಸರ್ವರ್ ಬಾಡಿಗೆ ಬೇರೆ. ಆವೃತ್ತಿ ಹಳೆಯದಾಗಿ, ನೀವು ಸಮಯಕ್ಕೆ ಸರಿಯಾಗಿ ಬದಲಾಯಿಸದಿದ್ದರೆ ಈ ಶುಲ್ಕ ಗಂಟೆಗೆ 60 ಸೆಂಟ್, ಅಂದರೆ ಆರು ಪಟ್ಟಾಗುತ್ತದೆ. ಅಪ್‌ಗ್ರೇಡ್ ಮಾಡುವವರು ಇಲ್ಲದ ಕಚೇರಿಗಳಿಗೆ ಬಿಲ್ ನೋಡಿ ಗಾಬರಿಯಾಗುವುದು ಇಂಥ ಕಡೆಯೇ.

5. ಓಪನ್‌ಶಿಫ್ಟ್

ರೆಡ್ ಹ್ಯಾಟ್ ಕಂಪನಿಯದು. ಒಳಗಿರುವುದು ಕುಬರ್ನೆಟಿಸ್. ಅದರ ಮೇಲೆ ಭದ್ರತೆಯ ಕಟ್ಟುನಿಟ್ಟು, ಸಾಫ್ಟ್‌ವೇರ್ ಕಟ್ಟುವ ಉಪಕರಣ, ಪರದೆಗಳು, ಕಂಪನಿಯ ಬೆಂಬಲ ಎಲ್ಲವೂ ಸೇರಿ ಬರುತ್ತವೆ. 2019ರಲ್ಲಿ ರೆಡ್ ಹ್ಯಾಟ್ ಅನ್ನು ಐಬಿಎಂ 3,400 ಕೋಟಿ ಡಾಲರ್‌ಗೆ ಕೊಂಡಿತು. ಬ್ಯಾಂಕ್, ವಿಮೆ, ಟೆಲಿಕಾಂ ಕಂಪನಿಗಳು ಇದನ್ನು ಇಷ್ಟಪಡುತ್ತವೆ. ತಮ್ಮದೇ ಡೇಟಾ ಸೆಂಟರ್‌ನಲ್ಲಿ ಇಟ್ಟುಕೊಳ್ಳಬಹುದು, ತೊಂದರೆಯಾದರೆ ಫೋನ್ ಮಾಡಲು ಒಂದು ನಂಬರ್ ಇರುತ್ತದೆ ಎಂಬುದೇ ಕಾರಣ. ಲೈಸೆನ್ಸ್ ಶುಲ್ಕ ಸಣ್ಣವರ ಕೈಗೆ ಎಟುಕುವಂಥದ್ದಲ್ಲ.

6. ಅಮೆಜಾನ್ ಇಸಿಎಸ್

ಇದು ಕುಬರ್ನೆಟಿಸ್ ಅಲ್ಲ, ಅಮೆಜಾನ್‌ನ ಸ್ವಂತ ವ್ಯವಸ್ಥೆ. 2014ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಕಲಿಯುವುದು ಕುಬರ್ನೆಟಿಸ್‌ಗಿಂತ ಸುಲಭ. ಕ್ಲಸ್ಟರ್‌ಗೆಂದು ಬೇರೆ ಶುಲ್ಕವಿಲ್ಲ, ಬಳಸಿದ ಸರ್ವರ್‌ಗೆ ಮಾತ್ರ ಹಣ. ಫಾರ್ಗೇಟ್ ಎಂಬ ಸೌಲಭ್ಯ ಜೊತೆಗೆ ತೆಗೆದುಕೊಂಡರೆ ಸರ್ವರ್ ನೋಡಿಕೊಳ್ಳುವ ಕೆಲಸವೂ ಇಲ್ಲ. ಆದರೆ ಅಮೆಜಾನ್ ಬಿಟ್ಟು ಬೇರೆ ಕಡೆ ಹೋಗಬೇಕೆಂದರೆ ಸೆಟ್ಟಿಂಗುಗಳನ್ನೆಲ್ಲ ಹೊಸದಾಗಿ ಬರೆಯಬೇಕು.

7. ನೊಮ್ಯಾಡ್

ಹ್ಯಾಶಿಕಾರ್ಪ್ ಕಂಪನಿ 2015ರಲ್ಲಿ ತಂದದ್ದು. ಒಂದೇ ಪ್ರೋಗ್ರಾಂ ಫೈಲ್. ಕಂಟೇನರ್ ಮಾತ್ರವಲ್ಲ, ಕಂಟೇನರ್‌ನಲ್ಲಿ ಕಟ್ಟದ ಸಾಮಾನ್ಯ ಪ್ರೋಗ್ರಾಂಗಳನ್ನೂ ಜಾವಾ ಅಪ್ಲಿಕೇಶನ್‌ಗಳನ್ನೂ ಓಡಿಸುತ್ತದೆ. ಕುಬರ್ನೆಟಿಸ್‌ನಷ್ಟು ಸೌಲಭ್ಯಗಳು ಒಳಗೇ ಇಲ್ಲ, ಕೆಲವನ್ನು ಹೊರಗಿನಿಂದ ಸೇರಿಸಿಕೊಳ್ಳಬೇಕು. ಇನ್ನೊಂದು ಸಂಗತಿ ತಿಳಿದಿರಬೇಕು: 2023ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ತನ್ನ ಸಾಫ್ಟ್‌ವೇರ್‌ಗಳ ಲೈಸೆನ್ಸ್ ಬದಲಿಸಿತು. ನಿಮ್ಮ ವ್ಯವಹಾರದ ಒಳಗೆ ಬಳಸಲು ಅಡ್ಡಿಯಿಲ್ಲ, ಆದರೆ ಅದನ್ನೇ ಇಟ್ಟುಕೊಂಡು ಹ್ಯಾಶಿಕಾರ್ಪ್‌ಗೆ ಪೈಪೋಟಿಯಾಗುವ ಸೇವೆ ಮಾರುವಂತಿಲ್ಲ. 2025ರ ಆರಂಭದಲ್ಲಿ ಈ ಕಂಪನಿಯೂ ಐಬಿಎಂ ಕೈಸೇರಿತು.

8. ಕೆ3ಎಸ್

ಕುಬರ್ನೆಟಿಸ್‌ನದೇ ಹಗುರ ರೂಪ. ರಾಂಚರ್ ಕಂಪನಿ 2019ರಲ್ಲಿ ತಂದಿತು. ಪೂರ್ತಿ ಪ್ರೋಗ್ರಾಂ 100 ಎಂಬಿಗಿಂತ ಚಿಕ್ಕದು. ಅಂಗಡಿ, ಗೋದಾಮು, ಕಾರ್ಖಾನೆ, ಟವರ್ ಇಂಥ ಕಡೆ ಇರುವ ಸಣ್ಣ ಕಂಪ್ಯೂಟರ್‌ಗಳ ಮೇಲೂ ಓಡುತ್ತದೆ. ಹಾಕುವುದು ಸುಲಭ. ಆದರೆ ಹಾಕಿದ ಮೇಲೆ ಅದು ಕುಬರ್ನೆಟಿಸ್ಸೇ, ಅದನ್ನು ಬಲ್ಲವರು ಇರಲೇಬೇಕು.

ಬೆಂಗಳೂರಿನ ಉದಾಹರಣೆ: ಒಂದು ರಾತ್ರಿಯಲ್ಲಿ 15 ಲಕ್ಷ ಪಿಡಿಎಫ್

ಝೆರೋಧಾ ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ. 2010ರಲ್ಲಿ ಶುರುವಾಯಿತು. ಗ್ರಾಹಕರು ಒಂದು ಕೋಟಿಗೂ ಹೆಚ್ಚು. ಷೇರು ಕೊಂಡ ಅಥವಾ ಮಾರಿದ ಪ್ರತಿಯೊಬ್ಬರಿಗೂ 24 ಗಂಟೆಯೊಳಗೆ ಕಾಂಟ್ರ್ಯಾಕ್ಟ್ ನೋಟ್ ಕಳಿಸಬೇಕು ಎಂಬುದು ನಿಯಮ. ಅದು ಡಿಜಿಟಲ್ ಸಹಿ ಇರುವ ಪಿಡಿಎಫ್. ದಿನದ ವಹಿವಾಟು ಮುಗಿದ ಮೇಲೆ ಲಕ್ಷಾಂತರ ಪಿಡಿಎಫ್ ತಯಾರಿಸಿ, ಸಹಿ ಹಾಕಿ, ಮೇಲ್ ಮಾಡಬೇಕು.

ಹಳೆಯ ವಿಧಾನದಲ್ಲಿ ಇದಕ್ಕೆ ಹಲವು ಗಂಟೆ ಬೇಕಾಗುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ 15 ಲಕ್ಷಕ್ಕೂ ಹೆಚ್ಚು ಪಿಡಿಎಫ್‌ಗಳನ್ನು ಸುಮಾರು 25 ನಿಮಿಷದಲ್ಲಿ ಮುಗಿಸುತ್ತಿದ್ದೇವೆ ಎಂದು ಕಂಪನಿಯ ತಾಂತ್ರಿಕ ತಂಡ 2024ರಲ್ಲಿ ವಿವರವಾಗಿ ಬರೆಯಿತು. ಕೆಲಸದ ಹೊತ್ತಿಗೆ ಬಾಡಿಗೆ ಸರ್ವರುಗಳನ್ನು ಎಬ್ಬಿಸುತ್ತಾರೆ, ಕೆಲಸವನ್ನು ಹಂಚುತ್ತಾರೆ, ಮುಗಿದೊಡನೆ ಎಲ್ಲವನ್ನೂ ಕಳಚಿಬಿಡುತ್ತಾರೆ. ಹಂಗಾಮು ಮುಗಿದ ಮೇಲೆ ಗ್ಯಾಂಗುಗಳು ಊರಿಗೆ ಮರಳುವ ಹಾಗೆ. ಈ ಹಂಚಿಕೆಗೆ ಅವರು ಬಳಸುವುದು ನೊಮ್ಯಾಡ್, ಕುಬರ್ನೆಟಿಸ್ ಅಲ್ಲ.

ಗ್ರಾಹಕರ ಸಂಖ್ಯೆಗೆ ಹೋಲಿಸಿದರೆ ಝೆರೋಧಾದ ತಾಂತ್ರಿಕ ತಂಡ ಬಹಳ ಚಿಕ್ಕದು. ಚಿಕ್ಕ ತಂಡಕ್ಕೆ ಪೂರ್ತಿ ಅರ್ಥವಾಗುವ, ಕೆಟ್ಟರೆ ತಾವೇ ಸರಿಮಾಡಬಲ್ಲ ಉಪಕರಣ ಬೇಕಿತ್ತು. ಎಲ್ಲ ದೊಡ್ಡ ಕಂಪನಿಗಳೂ ಕುಬರ್ನೆಟಿಸ್ ಬಳಸುತ್ತವೆ ಎಂಬ ಮಾತು ಇಲ್ಲಿಗೇ ಸುಳ್ಳಾಯಿತು.

ಈ ಕಥೆಯಲ್ಲಿ ಇನ್ನೂ ಒಂದು ಪಾಠವಿದೆ. ಗಂಟೆಗಳು ನಿಮಿಷಗಳಾದದ್ದು ನೊಮ್ಯಾಡ್ ಒಂದರಿಂದಲೇ ಅಲ್ಲ. ಪಿಡಿಎಫ್ ತಯಾರಿಸುವ ಸಾಫ್ಟ್‌ವೇರನ್ನು ಬದಲಿಸಿ ಟೈಪ್‌ಸ್ಟ್ ಎಂಬ ವೇಗದ ಉಪಕರಣ ತಂದರು. ಸಹಿ ಹಾಕುವ ವಿಧಾನ, ಮೇಲ್ ಕಳಿಸುವ ಸರ್ವರ್, ಫೈಲ್ ಇಡುವ ಜಾಗ ಎಲ್ಲವನ್ನೂ ಹೊಸದಾಗಿ ಯೋಚಿಸಿದರು. ಮೂಲ ಸಾಫ್ಟ್‌ವೇರ್ ನಿಧಾನವಾಗಿದ್ದರೆ ಯಾವ ಆರ್ಕೆಸ್ಟ್ರೇಟರ್ ಹಾಕಿದರೂ ಅದು ನಿಧಾನವೇ. ಹೆಚ್ಚು ಸರ್ವರುಗಳ ಮೇಲೆ ನಿಧಾನವಾಗಿ ಓಡುತ್ತದೆ, ಬಿಲ್ ಮಾತ್ರ ಬೇಗ ಏರುತ್ತದೆ.

ಸ್ವಾರ್ಮ್‌ನಿಂದ ಕುಬರ್ನೆಟಿಸ್‌ಗೆ ಹೋದವರೂ ಇದ್ದಾರೆ

ಎದುರು ದಿಕ್ಕಿನ ಉದಾಹರಣೆಯೂ ಬೆಂಗಳೂರಿನದೇ. ಶಾಲೆಯ ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ನೋಡಿರುತ್ತೀರಿ. ಅದನ್ನು ಸ್ಕ್ಯಾನ್ ಮಾಡಿದರೆ ತೆರೆದುಕೊಳ್ಳುವ ದೀಕ್ಷಾ ವೇದಿಕೆ 2017ರ ಸೆಪ್ಟೆಂಬರ್ 5ರಂದು ಶುರುವಾಯಿತು. ಅದರ ಬುನಾದಿ ಸನ್‌ಬರ್ಡ್ ಎಂಬ ಮುಕ್ತ ಸಾಫ್ಟ್‌ವೇರ್. ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಷನ್‌ನಲ್ಲಿ ಅದು ರೂಪುಗೊಂಡಿತು. ಸನ್‌ಬರ್ಡ್ ಮೊದಲು ಡಾಕರ್ ಸ್ವಾರ್ಮ್ ಮೇಲೆ ಓಡುತ್ತಿತ್ತು, ಮುಂದೆ ಕುಬರ್ನೆಟಿಸ್‌ಗೆ ಬದಲಾಯಿತು. ನಗರ ಸ್ಥಳೀಯ ಸಂಸ್ಥೆಗಳ ಸೇವೆಗಳಿಗಾಗಿ ಬೆಂಗಳೂರಿನ ಇಗವ್ ಫೌಂಡೇಷನ್ ರೂಪಿಸಿದ ಡಿಜಿಟ್ ವೇದಿಕೆಯೂ ಕುಬರ್ನೆಟಿಸ್ ಮೇಲೆಯೇ ನಿಂತಿದೆ.

ಇಲ್ಲಿ ಕುಬರ್ನೆಟಿಸ್ ಸರಿಯಾದ ಆಯ್ಕೆ. ಹತ್ತಾರು ಬೇರೆ ಬೇರೆ ಸೇವೆಗಳಿವೆ. ಒಂದೊಂದು ರಾಜ್ಯ ಒಂದೊಂದು ಕ್ಲೌಡ್ ಬಳಸಬಹುದು. ಬೇರೆ ಬೇರೆ ಕಂಪನಿಗಳ ಎಂಜಿನಿಯರುಗಳು ಬಂದು ಕೆಲಸ ಮಾಡಬೇಕು. ಎಲ್ಲರಿಗೂ ಗೊತ್ತಿರುವ ಒಂದು ಸಾಮಾನ್ಯ ಭಾಷೆ ಅಲ್ಲಿ ಬೇಕೇ ಬೇಕು.

ಎರಡೂ ಕಡೆಯವರು ಬುದ್ಧಿವಂತರೇ. ಯಾರು ನೋಡಿಕೊಳ್ಳುತ್ತಾರೆ ಎಂಬುದು ಬೇರೆಯಾಗಿತ್ತು, ಹಾಗಾಗಿ ಆಯ್ಕೆಯೂ ಬೇರೆಯಾಯಿತು.

ನೀವು ನಂಬಬಾರದ ಐದು ಮಾತುಗಳು

ಮಾತು 1: ಕುಬರ್ನೆಟಿಸ್ ಇದ್ದರೆ ಸಿಸ್ಟಂ ನಿಲ್ಲುವುದೇ ಇಲ್ಲ.

2023ರ ಮಾರ್ಚ್ 14ರಂದು ಅಮೆರಿಕದ ರೆಡ್ಡಿಟ್ ಜಾಲತಾಣ 314 ನಿಮಿಷ, ಅಂದರೆ ಐದು ಗಂಟೆಗೂ ಹೆಚ್ಚು ಹೊತ್ತು ನಿಂತಿತು. ಅವರು ಕುಬರ್ನೆಟಿಸ್ ಅನ್ನು 1.23ರಿಂದ 1.24ಕ್ಕೆ ಅಪ್‌ಗ್ರೇಡ್ ಮಾಡುತ್ತಿದ್ದರು. ನಿಯಂತ್ರಣ ಸರ್ವರುಗಳ ಮೇಲಿರುವ ಒಂದು ಗುರುತಿನ ಚೀಟಿಯ ಹೆಸರು ಹೊಸ ಆವೃತ್ತಿಯಲ್ಲಿ ಬದಲಾಗಿತ್ತು. ನೆಟ್‌ವರ್ಕ್‌ನ ಸೆಟ್ಟಿಂಗ್ ಹಳೆಯ ಹೆಸರನ್ನೇ ಹುಡುಕುತ್ತಿತ್ತು. ಅಷ್ಟರಿಂದಲೇ ಕ್ಲಸ್ಟರ್‌ನ ಒಳಗಿನ ಸಂಪರ್ಕ ಕಡಿದುಹೋಯಿತು. ನುರಿತ ಎಂಜಿನಿಯರುಗಳ ತಂಡವಿದ್ದ ಕಂಪನಿಗೇ ಐದು ಗಂಟೆ ಬೇಕಾಯಿತು. ಒಂದು ಕಂಟೇನರ್ ಅಥವಾ ಒಂದು ಸರ್ವರ್ ಕೆಟ್ಟರೆ ಆರ್ಕೆಸ್ಟ್ರೇಟರ್ ಕಾಪಾಡುತ್ತದೆ. ಆರ್ಕೆಸ್ಟ್ರೇಟರೇ ಕೆಟ್ಟರೆ ಮನುಷ್ಯರೇ ಬರಬೇಕು.

ಮಾತು 2: ಇದು ಉಚಿತ.

ಡೌನ್‌ಲೋಡ್ ಉಚಿತ, ನಿರ್ವಹಣೆ ಉಚಿತವಲ್ಲ. ಬಲ್ಲ ಎಂಜಿನಿಯರ್ ಸಂಬಳ, ಹೆಚ್ಚುವರಿ ಸರ್ವರುಗಳು, ನಿಗಾ ವ್ಯವಸ್ಥೆ, ಬ್ಯಾಕಪ್, ಅಪ್‌ಗ್ರೇಡ್ ಸಮಯ, ಇವೆಲ್ಲ ಖರ್ಚೇ. ಇಬ್ಬರು ಮಾತ್ರ ಗೊತ್ತಿರುವವರಿದ್ದು, ಒಬ್ಬರು ಕೆಲಸ ಬಿಟ್ಟರೆ ಏನಾಗುತ್ತದೆ ಎಂದು ಕೇಳಿಕೊಳ್ಳಿ.

ಮಾತು 3: ಡಾಕರ್ ಕಾಲ ಮುಗಿಯಿತು, ಅದರಲ್ಲಿ ಮಾಡಿದ್ದೆಲ್ಲ ದಂಡ.

2020ರ ಡಿಸೆಂಬರ್‌ನಲ್ಲಿ ಇಂಥದೊಂದು ಗಾಬರಿ ನಿಜವಾಗಿಯೂ ಹಬ್ಬಿತ್ತು. ಕುಬರ್ನೆಟಿಸ್ ಡಾಕರ್‌ಗೆ ಬೆಂಬಲ ನಿಲ್ಲಿಸುತ್ತದೆ ಎಂಬ ಸುದ್ದಿಯನ್ನು ಅರ್ಧ ಓದಿ ಹಂಚಿದವರೇ ಹೆಚ್ಚು. ಕುಬರ್ನೆಟಿಸ್ ತಂಡವೇ ಗಾಬರಿಯಾಗಬೇಡಿ ಎಂದು ಬರೆಯಬೇಕಾಯಿತು. ನಡೆದದ್ದು ಇಷ್ಟು: ಕುಬರ್ನೆಟಿಸ್ ಒಳಗೆ ಡಾಕರ್ ಜೊತೆ ಮಾತಾಡಲೆಂದೇ ಇದ್ದ ಒಂದು ಸಣ್ಣ ಸೇತುವೆಯನ್ನು 2022ರ 1.24 ಆವೃತ್ತಿಯಲ್ಲಿ ತೆಗೆದರು. ಡಾಕರ್‌ನಲ್ಲಿ ಕಟ್ಟಿದ ಕಂಟೇನರುಗಳು ಈಗಲೂ ಕುಬರ್ನೆಟಿಸ್ ಮೇಲೆ ಓಡುತ್ತವೆ. ಡಬ್ಬಿಯ ಅಳತೆಗೆ 2015ರಿಂದಲೇ ಒಂದು ಸಾಮಾನ್ಯ ಮಾನದಂಡ ರೂಪಿಸುವ ಕೆಲಸ ಶುರುವಾಗಿತ್ತು, ಎಲ್ಲರೂ ಅದನ್ನೇ ಪಾಲಿಸುತ್ತಾರೆ.

ಮಾತು 4: ಕಂಟೇನರ್ ಒಳಗಿದ್ದರೆ ಹ್ಯಾಕ್ ಆಗುವುದಿಲ್ಲ.

2018ರ ಫೆಬ್ರುವರಿಯಲ್ಲಿ ಟೆಸ್ಲಾ ಕಂಪನಿಯ ಒಂದು ಕುಬರ್ನೆಟಿಸ್ ನಿಯಂತ್ರಣ ಪರದೆ ಪಾಸ್‌ವರ್ಡ್ ಇಲ್ಲದೆ ಇಂಟರ್‌ನೆಟ್‌ಗೆ ತೆರೆದುಕೊಂಡಿದ್ದನ್ನು ಭದ್ರತಾ ಸಂಶೋಧಕರು ಬಯಲುಮಾಡಿದರು. ಒಳನುಗ್ಗಿದವರು ಟೆಸ್ಲಾದ ಕ್ಲೌಡ್ ಸರ್ವರುಗಳ ಮೇಲೆ ಕ್ರಿಪ್ಟೋ ಗಣಿಗಾರಿಕೆ ನಡೆಸುತ್ತಿದ್ದರು. ಬಾಗಿಲು ತೆರೆದಿಟ್ಟರೆ ಮನೆ ಎಷ್ಟು ಗಟ್ಟಿಯಿದ್ದರೇನು?

ಮಾತು 5: ಕುಬರ್ನೆಟಿಸ್ ಮೇಲಿದ್ದರೆ ಯಾವಾಗ ಬೇಕಾದರೂ ಬೇರೆ ಕ್ಲೌಡ್‌ಗೆ ಹಾರಬಹುದು.

ಕಂಟೇನರ್ ಹಾರುತ್ತದೆ, ಡೇಟಾಬೇಸ್ ಹಾರುವುದಿಲ್ಲ. ಫೈಲ್ ಸಂಗ್ರಹ, ಲಾಗಿನ್ ವ್ಯವಸ್ಥೆ, ಲೋಡ್ ಬ್ಯಾಲೆನ್ಸರ್ ಇವೆಲ್ಲ ಆಯಾ ಕ್ಲೌಡ್‌ಗೆ ಅಂಟಿಕೊಂಡಿರುತ್ತವೆ. ದಾರಿ ಸುಲಭವಾಗುತ್ತದೆ ಎಂಬುದು ನಿಜ, ಒಂದು ರಾತ್ರಿಯ ಕೆಲಸ ಎಂಬುದು ಸುಳ್ಳು.

ತಿಮ್ಮಾಪುರದಂಥ ಊರಿನ ಕಾರ್ಖಾನೆಗೆ ಏನು ಸರಿ?

ಈಗ ನಮ್ಮ ಉದಾಹರಣೆಗೆ ಮರಳೋಣ. ಇದು ಯಾವುದೇ ಕಾರ್ಖಾನೆಯ ಈಗಿನ ವ್ಯವಸ್ಥೆಯ ವರದಿಯಲ್ಲ, ಯೋಚಿಸುವ ಕ್ರಮಕ್ಕೆ ಒಂದು ಮಾದರಿ ಮಾತ್ರ.

ಸಕ್ಕರೆ ಕಾರ್ಖಾನೆಯಲ್ಲಿ ಎರಡು ಬಗೆಯ ಕೆಲಸಗಳಿವೆ. ಮೊದಲನೆಯದು ತೂಕದ ಕಾಟಾ. ಹಂಗಾಮಿನಲ್ಲಿ ಹಗಲು ರಾತ್ರಿ ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ. ತೂಕವಾಗಬೇಕು, ಚೀಟಿ ಬರಬೇಕು. ಕಡಿದ ಕಬ್ಬು ನಿಂತಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ. ಇಂಟರ್‌ನೆಟ್ ಲೈನ್ ಹೋಯಿತೆಂದು ಕಾಟಾ ನಿಲ್ಲಿಸಿದರೆ ನಷ್ಟ ರೈತನದು. ಹಾಗಾಗಿ ಈ ಸಾಫ್ಟ್‌ವೇರ್ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುವ ಕ್ಲೌಡ್ ಒಂದನ್ನೇ ನಂಬಿಕೊಂಡಿರಬಾರದು. ಕಾಟಾದ ಪಕ್ಕದ ಕೋಣೆಯಲ್ಲೇ ಒಂದು ಕಂಪ್ಯೂಟರ್, ಅದಕ್ಕೆ ಯುಪಿಎಸ್, ಬದಲಿಗೆ ಇನ್ನೊಂದು ಕಂಪ್ಯೂಟರ್ ತಯಾರಿರಬೇಕು. ಲೈನ್ ಬಂದಾಗ ಲೆಕ್ಕ ಮುಖ್ಯ ಸರ್ವರ್‌ಗೆ ಹೋಗಬೇಕು. ಕಾಟಾ ಒಂದೆರಡೇ ಇದ್ದರೆ ಇದಕ್ಕೆ ಡಾಕರ್ ಕಂಪೋಸ್ ಸಾಕು. ಹತ್ತಾರು ಕಡೆ ಇಂಥ ಕಂಪ್ಯೂಟರುಗಳಿದ್ದು ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳಬೇಕಾದರೆ ಕೆ3ಎಸ್ ಬಗ್ಗೆ ಯೋಚಿಸಬಹುದು.

ಎರಡನೆಯದು ಬಿಲ್ ಮತ್ತು ಪಾವತಿ. ಕಬ್ಬು ಕೊಟ್ಟ 14 ದಿನದೊಳಗೆ ರೈತರಿಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಈ ಲೆಕ್ಕ ತಪ್ಪಬಾರದು, ಕಳೆದುಹೋಗಲೂಬಾರದು. ಆದರೆ ಇದಕ್ಕೆ ಸೆಕೆಂಡಿಗೆ ಸಾವಿರಾರು ಜನ ನುಗ್ಗುವುದಿಲ್ಲ. ಇಲ್ಲಿ ಮುಖ್ಯವಾದದ್ದು ಡೇಟಾಬೇಸ್‌ನ ಬ್ಯಾಕಪ್, ಅದನ್ನು ಮರಳಿ ತರುವ ಅಭ್ಯಾಸ, ಯಾರು ಯಾವ ಲೆಕ್ಕ ತಿದ್ದಿದರು ಎಂಬ ದಾಖಲೆ. ಇವು ಮೂರನ್ನೂ ಯಾವ ಆರ್ಕೆಸ್ಟ್ರೇಟರೂ ನಿಮ್ಮ ಪರವಾಗಿ ಮಾಡಿಕೊಡುವುದಿಲ್ಲ. ಕೊಟೇಶನ್‌ನಲ್ಲಿ ಕುಬರ್ನೆಟಿಸ್‌ಗೆ ಒಂದು ಸಾಲಿದ್ದು ಬ್ಯಾಕಪ್‌ಗೆ ಇಲ್ಲದಿದ್ದರೆ ಅದನ್ನು ಮರಳಿ ಕಳಿಸಿ.

ಯಾರಿಗೆ ಯಾವುದು? ಒಂದು ನೋಟದಲ್ಲಿ

- ಒಂದು ಅಂಗಡಿ, ಒಂದು ಆ್ಯಪ್, ಐಟಿ ನೋಡಿಕೊಳ್ಳುವವರು ಒಬ್ಬರೇ: ಒಂದು ಸರ್ವರ್, ಡಾಕರ್ ಕಂಪೋಸ್, ದಿನವೂ ಬ್ಯಾಕಪ್.

- ಕೆಲವು ಶಾಖೆಗಳಿರುವ ಸೌಹಾರ್ದ ಅಥವಾ ಆಸ್ಪತ್ರೆ, ಐಟಿಯಲ್ಲಿ ಇಬ್ಬರು ಮೂವರು, ಅಮೆಜಾನ್ ಕ್ಲೌಡ್ ಮೊದಲೇ ಬಳಸುತ್ತಿದ್ದಾರೆ: ಇಸಿಎಸ್ ಜೊತೆಗೆ ಫಾರ್ಗೇಟ್.

- ಸ್ವಂತ ಸರ್ವರುಗಳಿವೆ, ತಂಡ ಚಿಕ್ಕದು, ಹಳೆಯ ಪ್ರೋಗ್ರಾಂಗಳನ್ನೂ ಓಡಿಸಬೇಕು: ನೊಮ್ಯಾಡ್. ಲೈಸೆನ್ಸ್ ಷರತ್ತು ಓದಿಕೊಳ್ಳಿ.

- ಹತ್ತಾರು ಸೇವೆಗಳು, ಹಲವು ಡೆವಲಪರ್ ತಂಡಗಳು: ಬಾಡಿಗೆ ಕುಬರ್ನೆಟಿಸ್. ನೀವೇ ನಡೆಸಲು ಹೋಗಬೇಡಿ.

- ಬ್ಯಾಂಕ್, ವಿಮೆ, ಸರಕಾರಿ ದತ್ತಾಂಶ, ಸ್ವಂತ ಡೇಟಾ ಸೆಂಟರ್, ಬೆಂಬಲ ಒಪ್ಪಂದ ಕಡ್ಡಾಯ: ಓಪನ್‌ಶಿಫ್ಟ್. ಪಾವತಿ ವ್ಯವಸ್ಥೆಯ ದತ್ತಾಂಶ ಭಾರತದಲ್ಲೇ ಇರಬೇಕು ಎಂಬ ರಿಸರ್ವ್ ಬ್ಯಾಂಕ್‌ನ 2018ರ ಏಪ್ರಿಲ್ ಸುತ್ತೋಲೆಯನ್ನು ಮರೆಯಬೇಡಿ.

- ಕಾರ್ಖಾನೆ, ಗೋದಾಮು, ನೆಟ್‌ವರ್ಕ್ ಸರಿಯಿಲ್ಲದ ಹಲವು ಜಾಗಗಳು: ಕೆ3ಎಸ್.

- ಈಗಾಗಲೇ ಸ್ವಾರ್ಮ್ ಮೇಲೆ ಚೆನ್ನಾಗಿ ಓಡುತ್ತಿದೆ: ಫಾರ್ವರ್ಡ್ ನೋಡಿ ಗಾಬರಿಯಿಂದ ಬದಲಿಸಬೇಡಿ. ಹೊಸದಾಗಿ ಶುರುಮಾಡುವವರು ಮಾತ್ರ ಬೇರೆಯದನ್ನು ನೋಡಿ.

ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ರಾತ್ರಿ ಎರಡು ಗಂಟೆಗೆ ಇದು ನಿಂತರೆ ಯಾರು ಫೋನ್ ಎತ್ತುತ್ತಾರೆ? ಅವರ ಹೆಸರು ಒಪ್ಪಂದದಲ್ಲಿ ಇದೆಯೇ?

2. ಎಷ್ಟು ಬೇರೆ ಬೇರೆ ಸೇವೆಗಳನ್ನು ಓಡಿಸುತ್ತೀರಿ? ಎರಡೋ ಮೂರೋ ಆದರೆ ಕ್ಲಸ್ಟರ್ ಯಾಕೆ ಬೇಕು?

3. ಆವೃತ್ತಿ ಬದಲಿಸುವ ಕೆಲಸ ಯಾರದು? ಅದರ ಖರ್ಚು ಕೊಟೇಶನ್‌ನಲ್ಲಿ ಸೇರಿದೆಯೇ?

4. ಬ್ಯಾಕಪ್‌ನಿಂದ ಮರಳಿ ತಂದು ತೋರಿಸುತ್ತೀರಾ? ಎಷ್ಟು ಹೊತ್ತು ಬೇಕು?

5. ನಾಳೆ ನಿಮ್ಮನ್ನು ಬಿಟ್ಟು ಬೇರೆಯವರ ಹತ್ತಿರ ಹೋದರೆ ಸೆಟ್ಟಿಂಗ್ ಫೈಲುಗಳು, ಪಾಸ್‌ವರ್ಡುಗಳು, ದತ್ತಾಂಶ ನಮ್ಮ ಕೈಗೆ ಸಿಗುತ್ತವೆಯೇ?

ಮೊದಲ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಉಳಿದ ನಾಲ್ಕನ್ನು ಕೇಳುವ ಅಗತ್ಯವೇ ಇಲ್ಲ. ನೋಡಿಕೊಳ್ಳುವ ಕೈಗಳು ಎಷ್ಟಿವೆ ಎಂದು ಮೊದಲು ಎಣಿಸಿ, ಆ ಕೈಗಳಿಗೆ ಎತ್ತಲು ಆಗುವ ವೇದಿಕೆಯನ್ನು ಆಮೇಲೆ ಆರಿಸಿ. ವ್ಯವಹಾರ ಬೆಳೆದರೆ ಸನ್‌ಬರ್ಡ್ ಮಾಡಿದ ಹಾಗೆ ಮುಂದೆ ಬದಲಿಸಿಕೊಳ್ಳಬಹುದು.

ನಿಮ್ಮ ಸಂಘದ ಅಥವಾ ಕಚೇರಿಯ ಗ್ರೂಪ್‌ನಲ್ಲಿ ಸಾಫ್ಟ್‌ವೇರ್ ಕೊಟೇಶನ್ ಚರ್ಚೆ ನಡೆಯುತ್ತಿದ್ದರೆ ಈ ಐದು ಪ್ರಶ್ನೆಗಳನ್ನು ಅಲ್ಲಿಗೆ ಕಳಿಸಿ.